ಇಂಗಾಲದ ಡೈಆಕ್ಸೈಡಿನೊಳಗೆ ನೀರು: ಸರ್ಫ್ಯಾಕ್ಟೆಂಟಿನ ಬಾಲವನ್ನು ಕುರಿತು

ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿ ಬೆಳೆವ ಏಲಕ್ಕಿಯ ಪರಿಮಳವು ಮುಖ್ಯವಾಗಿ ಸಿನಿಯೋಲ್ ಮತ್ತು ಟರ್ಪಿನೈಲ್ ಅಸಿಟೇಟ್ ಎಂಬ ದ್ರವ್ಯಗಳಿಂದ ಉಂಟಾದುದು. 31.1 ಡಿಗ್ರಿ ಸೆಲ್ಸಿಯಸ್ ತಾಪವನ್ನೂ ಸುಮಾರು 74 ಬಾರ್ ಒತ್ತಡವನ್ನೂ ಮೀರಿದ ಇಂಗಾಲದ ಡೈಆಕ್ಸೈಡ್, ಅನಿಲದ ಸಂಚಾರಶೀಲತೆಯನ್ನೂ ದ್ರವದ ದ್ರಾವಕಶಕ್ತಿಯನ್ನೂ ಒಟ್ಟಿಗೆ ತಳೆದು, ಈ ದ್ರವ್ಯಗಳುಳ್ಳ ತೈಲವನ್ನು ಅನಾಯಾಸವಾಗಿ ಸೆಳೆದುಕೊಳ್ಳುವುದು; ಒತ್ತಡವಿಳಿದೊಡನೆ ತಾನು ಹಾರಿಹೋಗಿ ತೈಲವನ್ನಷ್ಟೇ ಉಳಿಸುವುದು. ಆದರೆ ಸಕ್ಕರೆ, ಪ್ರೋಟೀನು, ಲವಣಗಳು ಅದರಲ್ಲಿ ಕರಗವು. ನೀರು ಕರಗುವುದೂ ಅತ್ಯಲ್ಪ. ಇಂಥ ಜಲಪ್ರಿಯ ವಸ್ತುಗಳಿಗೆ ಅಲ್ಲಿ ಎಡೆ ದೊರೆಯಬೇಕಾದರೆ ನೀರು ಕೆಲವೇ ನ್ಯಾನೊಮೀಟರ್ ವ್ಯಾಸದ ಹನಿಗಳಾಗಿ ಸ್ಥಿರವಾಗಿ ಹರಡಿರಬೇಕು. ಅದೇ ಮೈಕ್ರೊಎಮಲ್ಷನ್.

ನೀರಿಗೂ ಹೈಡ್ರೊಕಾರ್ಬನ್ ಎಣ್ಣೆಗೂ ನಡುವಣ ಮೇಲ್ಮೈ ಎಳೆತವು ಮೀಟರಿಗೆ ಸುಮಾರು 50 ಮಿಲಿನ್ಯೂಟನ್ ಇದ್ದರೆ, ನೀರಿಗೂ ಒತ್ತಡದ ಡೈಆಕ್ಸೈಡಿಗೂ ನಡುವೆ ಅದು 20ರಿಂದ 30 ಮಾತ್ರ. ಆದುದರಿಂದ ಈ ಜೋಡಿಯನ್ನು ಬೆಸೆಯುವುದು ಸುಲಭವೆಂದು ಯಾರಿಗಾದರೂ ತೋರಬಹುದು. ತೊಡಕಿರುವುದು ಬೇರೆಡೆ. ಮಲೆನಾಡಿನ ಮನೆಗಳಲ್ಲಿ ಬಳಸುವ ಅಂಟುವಾಳದ ನೊರೆಯನ್ನೇ ನೋಡಿ: ಅದರ ಸಪೋನಿನ್ ಅಣುವಿನ ಸಕ್ಕರೆಯ ಭಾಗ ನೀರನ್ನೂ ಟ್ರೈಟರ್ಪೀನ್ ಭಾಗ ಜಿಡ್ಡನ್ನೂ ಹಿಡಿಯುತ್ತದೆ. ಹೀಗೆ ಎರಡನ್ನೂ ಬೆಸೆಯುವ ಅಣುವೇ ಸರ್ಫ್ಯಾಕ್ಟೆಂಟ್; ಜಿಡ್ಡನ್ನು ಹಿಡಿಯುವ ಭಾಗವೇ ಅದರ ಬಾಲ. ಡೈಆಕ್ಸೈಡಿನ ಅಣುಗಳ ಆಕರ್ಷಣೆಯೋ ತೀರ ದುರ್ಬಲ. ಹೈಡ್ರೊಕಾರ್ಬನ್ ಬಾಲಗಳು ಅದರತ್ತ ಚಾಚಿಕೊಳ್ಳದೆ ಪರಸ್ಪರ ಅಂಟಿಕೊಂಡು ಬೇರ್ಪಡುವವು. ಐಸೊಆಕ್ಟೇನ್ ಎಂಬ ಹೈಡ್ರೊಕಾರ್ಬನಿನಲ್ಲಿ ನೀರನ್ನು ಸೊಗಸಾಗಿ ಹಿಡಿದಿಡುವ ಏರೋಸಾಲ್ ಓಟಿ ಎಂಬ ಸರ್ಫ್ಯಾಕ್ಟೆಂಟೂ ಇಲ್ಲಿ ಸೋತಿತು. 1990ರಲ್ಲಿ ಕನ್ಸಾನಿ ಮತ್ತು ಸ್ಮಿತ್ ಪರೀಕ್ಷಿಸಿದ 130ಕ್ಕೂ ಮಿಕ್ಕ ಸರ್ಫ್ಯಾಕ್ಟೆಂಟುಗಳಲ್ಲಿ ಬಹುತೇಕ ಡೈಆಕ್ಸೈಡಿನಲ್ಲಿ ಕರಗಲೊಲ್ಲದವೇ ಆಗಿದ್ದುವು.

1996ರಲ್ಲಿ ಜಾನ್‌ಸ್ಟನ್ ಮತ್ತು ಸಂಗಡಿಗರು ಫ್ಲೂರಿನ್‌ಯುಕ್ತ ಪಾಲಿಈಥರ್ ಬಾಲದ ಅಮೋನಿಯಂ ಲವಣದಿಂದ ಡೈಆಕ್ಸೈಡಿನಲ್ಲಿ ನೀರಿನ ಅಂಥ ನ್ಯಾನೊಹನಿಗಳನ್ನು ನಿರ್ಮಿಸಿ, ಅವುಗಳೊಳಗೆ ಗೋವಿನ ಆಲ್ಬುಮಿನ್ ಪ್ರೋಟೀನನ್ನೂ ಇರಿಸಿ ತೋರಿದರು. ಇದು ನಿಜಕ್ಕೂ ಮಹತ್ತ್ವದ ಸಾಧನೆ. ಆದರೂ ಇಂಥ ಫ್ಲೂರಿನ್ ಸಂಯುಕ್ತಗಳು ಮಣ್ಣುನೀರುಗಳಲ್ಲಿ ಕೊಳೆಯದೆ ದೀರ್ಘಕಾಲ ಉಳಿಯುವುದರಿಂದ, ಹೇಮಾವತಿ ನದಿಗೆ ನೀರಿಳಿಸುವ ಈ ಏಲಕ್ಕಿ ತೋಟಗಳ ನೆರೆಯಲ್ಲಿ ಅವನ್ನು ಬಳಸುವುದನ್ನು ನಾನು ಒಪ್ಪಲಾರೆ.

2002ರಲ್ಲಿ ರವೀಂದ್ರನ್ ಮತ್ತು ವಾಲೆನ್ ತೋರಿಸಿದ ದಾರಿ ನನಗೆ ಹೆಚ್ಚು ಪ್ರಿಯ. ಸಕ್ಕರೆಯ ಹೈಡ್ರಾಕ್ಸಿಲ್ ಗುಂಪುಗಳನ್ನು ಅಸಿಟೇಟುಗಳಾಗಿ ಮಾರ್ಪಡಿಸಿದರೆ, ಅವುಗಳ ಕಾರ್ಬೊನಿಲ್ ಆಮ್ಲಜನಕವು ಡೈಆಕ್ಸೈಡಿನ ಇಂಗಾಲವನ್ನು ತನ್ನತ್ತ ಸೆಳೆದು, ಆ ಸಕ್ಕರೆಯನ್ನು ಅದರಲ್ಲಿ ಯಥೇಷ್ಟವಾಗಿ ಕರಗಿಸುವುದು. ಏಲಕ್ಕಿಯ ಟರ್ಪಿನೈಲ್ ಅಸಿಟೇಟಿನಲ್ಲಿರುವುದೂ ಇದೇ ಗುಂಪು. ಹೀಗಿರಲು, ಅಂಟುವಾಳದ ಸಪೋನಿನ್ನಿನ ಸಕ್ಕರೆಗಳಲ್ಲಿ ಕೆಲವನ್ನಷ್ಟೇ ಅಸಿಟೇಟಾಗಿಸಿ, ಮಿಕ್ಕವನ್ನು ನೀರಿಗಾಗಿ ಹಾಗೆಯೇ ಬಿಟ್ಟು ಪರೀಕ್ಷಿಸುವುದು ಯುಕ್ತ. ಡೈಆಕ್ಸೈಡ್ ಸೇರಿದ ನೀರಿನ ಪಿಎಚ್ ಸುಮಾರು 3ಕ್ಕಿಳಿಯುವುದರಿಂದ, ಅಸಿಟೇಟಿನ ಎಸ್ಟರ್ ಬಂಧವು ಆ ಆಮ್ಲದಲ್ಲಿ ಎಷ್ಟು ಕಾಲ ತಾಳುವುದೆಂಬುದನ್ನು ಮೊದಲು ಅಳೆಯತಕ್ಕದ್ದು.