ಮೂಳೆ, ಮೃದು ಅಂಗಾಂಶಗಳ ಸಾರ್ಕೋಮಾ: ಮೊದಲ ಹೆಜ್ಜೆಯೇ ನಿರ್ಣಾಯಕ

ಆಟವಾಡುವ ವಯಸ್ಸಿನ ಮಕ್ಕಳಿಗೆ ಮೊಣಕಾಲು ನೋಯುವುದು ಸಾಮಾನ್ಯ. ಬಿದ್ದ ಪೆಟ್ಟು ಅಥವಾ ಉಳುಕು ಎಂದು ಭಾವಿಸಿ ಎಣ್ಣೆ ಹಚ್ಚಿ ನೀವುವುದು, ಪಟ್ಟು ಹಾಕಿಸುವುದು ವಾಡಿಕೆ. ಬಹುತೇಕ ನೋವುಗಳು ಕೆಲವೇ ದಿನಗಳಲ್ಲಿ ಶಮನಗೊಳ್ಳುತ್ತವೆ. ಆದರೆ ವಾರಗಳು ಕಳೆದರೂ ಕಡಿಮೆಯಾಗದೆ, ವಿಶ್ರಾಂತಿಯಲ್ಲೂ ರಾತ್ರಿಯ ವೇಳೆಯೂ ಕಾಡುವ ನೋವು ಹಾಗೂ ಅದರೊಂದಿಗೆ ಕಾಣಿಸಿಕೊಳ್ಳುವ ಊತವು ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರಿನ ಲಕ್ಷಣವಾಗಿರಬಹುದು. ಅಪರೂಪವಾದುದರಿಂದಲೇ ಇದು ಹಲವು ಬಾರಿ ತಡವಾಗಿ ಪತ್ತೆಯಾಗುತ್ತದೆ.

ಸಾರ್ಕೋಮಾ ಎಂದರೇನು?

ಮೂಳೆ, ಮೃದ್ವಸ್ಥಿ, ಸ್ನಾಯು, ಕೊಬ್ಬು, ನರ, ರಕ್ತನಾಳ ಮುಂತಾದ ಆಧಾರ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರುಗಳಿಗೆ ಒಟ್ಟಾಗಿ ಈ ಹೆಸರಿದೆ. ವಯಸ್ಕರ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇ. 1ರಷ್ಟು ಮಾತ್ರ, ಮಕ್ಕಳಲ್ಲಿ ಈ ಪ್ರಮಾಣ ಹೆಚ್ಚು. ಇದರಲ್ಲಿ 50ಕ್ಕೂ ಹೆಚ್ಚು ಬಗೆಗಳಿವೆ.

ಮೂಳೆಯ ಸಾರ್ಕೋಮಾಗಳಲ್ಲಿ ಮೂರು ಮುಖ್ಯವಾದವು. ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ 10ರಿಂದ 20 ವರ್ಷದೊಳಗಿನವರಲ್ಲಿ, ಮೊಣಕಾಲಿನ ಆಸುಪಾಸಿನ ಮೂಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ 1921ರಲ್ಲಿ ವಿವರಿಸಿದ ಯೂಯಿಂಗ್ ಸಾರ್ಕೋಮಾ ಕೂಡ ಎಳೆಯರ ರೋಗ. ಜ್ವರವೂ ಜೊತೆಗೂಡಿದಾಗ ಇದನ್ನು ಮೂಳೆಯ ಸೋಂಕೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಮೃದ್ವಸ್ಥಿಯಿಂದ ಹುಟ್ಟುವ ಕಾಂಡ್ರೋಸಾರ್ಕೋಮಾ ಹೆಚ್ಚಾಗಿ 40 ದಾಟಿದವರಲ್ಲಿ ಕಂಡುಬರುತ್ತದೆ.

ಎಚ್ಚರಿಕೆಯ ಸೂಚನೆಗಳು

ಮೃದು ಅಂಗಾಂಶದ ಸಾರ್ಕೋಮಾ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ ಗಂಟು ನಿರಪಾಯಕಾರಿ ಎಂಬ ನಂಬಿಕೆಯೇ ಇಲ್ಲಿ ಅಪಾಯಕಾರಿ. ಗಂಟು 5 ಸೆಂ.ಮೀ.ಗಿಂತ ದೊಡ್ಡದಾಗಿದ್ದರೆ, ಬೆಳೆಯುತ್ತಿದ್ದರೆ, ಸ್ನಾಯುವಿನ ಆಳದಲ್ಲಿದ್ದರೆ ಅಥವಾ ಒಮ್ಮೆ ತೆಗೆದ ಜಾಗದಲ್ಲಿಯೇ ಮರಳಿ ಬಂದರೆ ತಜ್ಞರಿಗೆ ತೋರಿಸಬೇಕು. ಸಣ್ಣ ಪೆಟ್ಟಿಗೇ ಮೂಳೆ ಮುರಿದರೂ ಕಾರಣವನ್ನು ಶೋಧಿಸಬೇಕಾಗುತ್ತದೆ. ಇಂತಹ ಊತವನ್ನು ಬಲವಾಗಿ ನೀವುವುದು, ಅದರ ಮೇಲೆ ಬಿಗಿಯಾಗಿ ಪಟ್ಟು ಕಟ್ಟುವುದು ಸಲ್ಲದು.

ರೋಗನಿರ್ಣಯ

ಮೂಳೆಯ ನೋವಿಗೆ ಮೊದಲ ಪರೀಕ್ಷೆ ಸಾಮಾನ್ಯ ಎಕ್ಸ್-ರೇ. ಸಂಶಯವಿದ್ದರೆ ಎಂ.ಆರ್.ಐ. ಮಾಡಿ ಗಡ್ಡೆಯ ವ್ಯಾಪ್ತಿಯನ್ನೂ, ನರ ಹಾಗೂ ರಕ್ತನಾಳಗಳಿಗೆ ಅದು ಎಷ್ಟು ಹತ್ತಿರವಿದೆ ಎಂಬುದನ್ನೂ ಅರಿಯಲಾಗುತ್ತದೆ. ಸಾರ್ಕೋಮಾ ಹೆಚ್ಚಾಗಿ ಶ್ವಾಸಕೋಶಕ್ಕೆ ಹರಡುವುದರಿಂದ ಎದೆಯ ಸಿ.ಟಿ. ಸ್ಕ್ಯಾನ್ ಅಗತ್ಯ.

ರೋಗವನ್ನು ಖಚಿತಪಡಿಸುವುದು ಬಯಾಪ್ಸಿ. ದಪ್ಪ ಸೂಜಿಯಿಂದ ಗಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಸೂಜಿ ಸಾಗಿದ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಉಳಿಯಬಹುದಾದ್ದರಿಂದ, ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಆ ದಾರಿಯನ್ನೂ ತೆಗೆಯಲು ಅನುಕೂಲವಾಗುವಂತೆ ಜಾಗವನ್ನು ಆರಿಸಬೇಕು. ಆದ್ದರಿಂದ ಶಸ್ತ್ರಚಿಕಿತ್ಸೆ ನಡೆಸುವ ತಂಡವೇ ಬಯಾಪ್ಸಿ ಮಾಡುವುದು, ಇಲ್ಲವೇ ಅದರ ಸಲಹೆಯಂತೆ ಮಾಡಿಸುವುದು ಉತ್ತಮ. ಅಡ್ಡಾದಿಡ್ಡಿಯಾಗಿ ಕೊಯ್ದರೆ, ಅಥವಾ ಕೊಬ್ಬಿನ ಗಂಟೆಂದು ಭಾವಿಸಿ ಅವಸರದಲ್ಲಿ ಕಿತ್ತರೆ, ಉಳಿಸಬಹುದಾಗಿದ್ದ ಕಾಲನ್ನೇ ಕತ್ತರಿಸಬೇಕಾದೀತು.

ಚಿಕಿತ್ಸೆ

1970ರ ದಶಕಕ್ಕೆ ಮೊದಲು ಆಸ್ಟಿಯೋಸಾರ್ಕೋಮಾಕ್ಕೆ ಅಂಗಚ್ಛೇದನವೊಂದೇ ಮಾರ್ಗವಾಗಿತ್ತು. ಆದರೂ ಬದುಕುಳಿಯುತ್ತಿದ್ದವರು ಶೇ. 20ರಷ್ಟು ಮಾತ್ರ. ಕೆನಡಾದ ಟೆರ್ರಿ ಫಾಕ್ಸ್ 1977ರಲ್ಲಿ, 18ನೇ ವಯಸ್ಸಿನಲ್ಲಿ ಈ ರೋಗದಿಂದ ಬಲಗಾಲನ್ನು ಕಳೆದುಕೊಂಡರು. 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ನಿಧಿ ಸಂಗ್ರಹಿಸಲು ಕೃತಕ ಕಾಲಿನಲ್ಲಿ 143 ದಿನ ಓಡಿದ ಅವರು, ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ನಿಲ್ಲಿಸಿದರು. 1981ರ ಜೂನ್‌ನಲ್ಲಿ, 22ನೇ ವಯಸ್ಸಿನಲ್ಲಿ ನಿಧನರಾದರು.

ಕಿಮೋಥೆರಪಿ ಈ ಚಿತ್ರವನ್ನು ಬದಲಿಸಿತು. ಈಗ ಮೊದಲು ಸುಮಾರು ಎರಡೂವರೆ ತಿಂಗಳು ಔಷಧ ನೀಡಿ, ನಂತರ ಶಸ್ತ್ರಚಿಕಿತ್ಸೆ ನಡೆಸಿ, ಮತ್ತೆ ಔಷಧವನ್ನು ಮುಂದುವರಿಸುವುದು ರೂಢಿ. ರೋಗ ಹರಡುವ ಮುನ್ನ ಪತ್ತೆಯಾದರೆ ಶೇ. 60ರಿಂದ 70ರಷ್ಟು ರೋಗಿಗಳು ಐದು ವರ್ಷ ದಾಟಿ ಬದುಕುತ್ತಾರೆ. ಬಹುಪಾಲು ರೋಗಿಗಳಲ್ಲಿ ಕೆಟ್ಟ ಮೂಳೆಯನ್ನಷ್ಟೇ ತೆಗೆದು ಲೋಹದ ಕೃತಕ ಮೂಳೆ-ಕೀಲನ್ನು ಜೋಡಿಸಿ ಅಂಗವನ್ನು ಉಳಿಸಲು ಸಾಧ್ಯವಾಗಿದೆ.

ಯೂಯಿಂಗ್ ಸಾರ್ಕೋಮಾ ವಿಕಿರಣ ಚಿಕಿತ್ಸೆಗೂ ಮಣಿಯುತ್ತದೆ. ಕಾಂಡ್ರೋಸಾರ್ಕೋಮಾಕ್ಕೆ ಕಿಮೋಥೆರಪಿ ಅಷ್ಟಾಗಿ ನಾಟುವುದಿಲ್ಲ, ಶಸ್ತ್ರಚಿಕಿತ್ಸೆಯೇ ಆಧಾರ. ಮೃದು ಅಂಗಾಂಶದ ಸಾರ್ಕೋಮಾದಲ್ಲಿ ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದ ಪದರದೊಂದಿಗೆ ತೆಗೆದು, ದೊಡ್ಡದಾಗಿಯೋ ಆಳವಾಗಿಯೋ ಇದ್ದರೆ ವಿಕಿರಣವನ್ನೂ ನೀಡಲಾಗುತ್ತದೆ.

ಚಿಕಿತ್ಸೆಯ ನಂತರ

ಕೆಲವು ಔಷಧಗಳು ಹೃದಯ, ಮೂತ್ರಪಿಂಡ, ಶ್ರವಣಶಕ್ತಿ ಹಾಗೂ ಸಂತಾನಶಕ್ತಿಯ ಮೇಲೆ ಪರಿಣಾಮ ಬೀರಬಲ್ಲವು. ಈ ಬಗ್ಗೆ ಚಿಕಿತ್ಸೆಗೆ ಮುನ್ನವೇ ವೈದ್ಯರೊಡನೆ ಚರ್ಚಿಸುವುದು ಒಳಿತು. ಮೊದಲ ಎರಡು ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ತಪಾಸಣೆ ಅಗತ್ಯ. ಶ್ವಾಸಕೋಶದಲ್ಲಿ ರೋಗ ಮರುಕಳಿಸಿದರೂ ಗಡ್ಡೆಗಳು ಕೆಲವೇ ಇದ್ದಾಗ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಆಸೆ ಉಳಿದಿರುತ್ತದೆ.

ನೋವು ತುಸು ತಗ್ಗಿತೆಂದೋ, ಖರ್ಚಿಗೆ ಅಂಜಿಯೋ ಚಿಕಿತ್ಸೆಯನ್ನು ನಡುವೆ ಬಿಡುವುದು ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂತಹ ಸರ್ಕಾರಿ ಸಂಸ್ಥೆಗಳಿವೆ. ಅರ್ಹ ಬಡ ಕುಟುಂಬಗಳಿಗೆ ಸರ್ಕಾರದ ಆರೋಗ್ಯ ಯೋಜನೆಗಳ ನೆರವೂ ಇದೆ. ಮೂರು-ನಾಲ್ಕು ವಾರಗಳಲ್ಲಿ ಮಾಯದ ಮೂಳೆನೋವಿಗೆ ಒಂದು ಎಕ್ಸ್-ರೇ ಮಾಡಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅದನ್ನು ಸಕಾಲದಲ್ಲಿ ಮಾಡಿಸುವುದರ ಮೇಲೆ ಒಂದು ಕಾಲಿನ, ಒಂದು ಜೀವದ ಉಳಿವು ನಿಂತಿರಬಹುದು.