ಅರ್ಥವಾಗದ ಮಾತಿಗೆ ಫೋನ್ ಇಡಬೇಡಿ: ಬಿಜಿಪಿ ಕಲಿತ ಪಾಠ

ಕಮಲಾಪುರದ ಕೆಂಪು ಬಾಳೆಹಣ್ಣು ಕಲಬುರಗಿ ಮಾರ್ಕೆಟ್‌ಗೆ ಬಂತು ಅಂದ್ಕೊಳ್ಳಿ. ಮಾರೋರದು ಕನ್ನಡ. ಕೊಳ್ಳೋರದು ಉರ್ದು, ಮರಾಠಿ, ತೆಲುಗು, ಯಾವುದಾದರೂ ಆಗಿರಬಹುದು. "ಕನ್ನಡ ಬರ್ತದೇನ್ರೀ?" ಅಂತ ಒಂದು ಮಾತು ಕೇಳ್ತಾರೆ, ಇಬ್ಬರಿಗೂ ಬರೋ ಭಾಷೆ ಹಿಡಿದು ವ್ಯಾಪಾರ ಮುಗಿಸ್ತಾರೆ. ಗೊತ್ತಿಲ್ಲದ ಮಾತು ಕಿವಿಗೆ ಬಿತ್ತು ಅಂತ ಯಾರೂ ಅಂಗಡಿ ಮುಚ್ಚೋದಿಲ್ಲ. ಆದರೆ ಇಂಟರ್ನೆಟ್ಟಿನ ರೂಟರ್‌ಗಳಿಗೆ ಒಂದು ಕಾಲದಲ್ಲಿ ಇದ್ದ ನಿಯಮವೇ ಅದು!

ಕಮಲಾಪುರದಲ್ಲಿ ಕೂತು ನೀವು ನೋಡೋ ವಿಡಿಯೋ ಹಲವು ಕಂಪನಿಗಳ ನೆಟ್‌ವರ್ಕ್ ದಾಟಿ ಬರಬಹುದು. "ಈ ವಿಳಾಸಕ್ಕೆ ನನ್ನ ಕಡೆಯಿಂದ ದಾರಿ ಇದೆ" ಅಂತ ಆ ನೆಟ್‌ವರ್ಕ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆಯೇ ಬಿಜಿಪಿ. ಹೀಗೆ ಮಾತಾಡೋ ಜೋಡಿಯನ್ನು ಪಿಯರ್ ಅಂತಾರೆ.

1989ರ ಜನವರಿ, ಅಮೆರಿಕದ ಆಸ್ಟಿನ್. ಸಿಸ್ಕೋದ ಕರ್ಕ್ ಲೌಹೀಡ್, ಐಬಿಎಂನ ಯಾಕೊವ್ ರೆಖ್ಟರ್ ಊಟದ ಹೊತ್ತಲ್ಲಿ ಕೈ ಒರೆಸೋ ಪೇಪರ್ ಮೇಲೆ ಇದನ್ನು ಗೀಚಿದರು. ಭಾರತದಲ್ಲಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಟ್ಟ 1995ರಲ್ಲೇ ಬಿಜಿಪಿ ನಾಲ್ಕನೇ ಆವೃತ್ತಿಯ ಆರ್‌ಎಫ್‌ಸಿ 1771 ಬಂತು. ಅದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ಮೊದಲ 'ಓಪನ್' ಸಂದೇಶದಲ್ಲಿ ಗುರುತಿಲ್ಲದ ಅಂಶ ಕಂಡರೆ ಸಂಪರ್ಕ ಕಡಿದುಹಾಕು. ಅಂದಮೇಲೆ ಹೊಸದನ್ನು ತರೋದು ಹೇಗೆ?

2000ದ ಮೇನಲ್ಲಿ ರವಿ ಚಂದ್ರ, ಜಾನ್ ಸ್ಕಡರ್ ಬರೆದ ಆರ್‌ಎಫ್‌ಸಿ 2842 ದಾರಿ ತೋರಿಸಿತು. 'ಓಪನ್' ಸಂದೇಶದಲ್ಲೇ ನಿನಗೆ ಏನೇನು ಬರ್ತದೆ ಅಂತ ಪಟ್ಟಿ ಕೊಡು, ಇದೇ ಕೆಪಬಿಲಿಟಿ. ಎದುರಿನವರ ಪಟ್ಟಿಯಲ್ಲಿ ಗೊತ್ತಿಲ್ಲದ್ದು ಕಂಡರೆ ಬಿಟ್ಟುಬಿಡು. ಪಟ್ಟಿ ಅಂದ್ರೇನು ಅಂತಲೇ ತಿಳಿಯದ ಹಳೇ ರೂಟರ್ ಫೋನ್ ಇಟ್ಟರೆ, ಪಟ್ಟಿ ಇಲ್ಲದೆ ಮತ್ತೆ ಕರೆ ಮಾಡು.

ಇದರ ಬೆಲೆ ಗೊತ್ತಾಗಿದ್ದು ಆಮೇಲೆ. ಪ್ರತಿ ನೆಟ್‌ವರ್ಕ್‌ಗೂ ಒಂದು ಎಎಸ್ ನಂಬರ್ ಇರ್ತದೆ. ಎರಡು ಬೈಟ್‌ನಲ್ಲಿ ಹಿಡಿಯೋದು 65,536 ಮಾತ್ರ. ಅದು ಸಾಲದು ಅಂತ 2007ರಲ್ಲಿ ನಾಲ್ಕು ಬೈಟ್‌ನ ನಿಯಮ ಬಂತು. ಹೊಸ ರೂಟರ್ '65' ಅನ್ನೋ ಕೆಪಬಿಲಿಟಿ ಹೇಳ್ತದೆ. ಅದು ತಿಳಿಯದ ಹಳೇ ಪಿಯರ್‌ಗೆ ದೊಡ್ಡ ನಂಬರ್ ಬದಲು 23456 ತೋರಿಸ್ತದೆ. ಐಪಿವಿ6 ದಾರಿಗಳೂ ಹೀಗೇ ಒಳಗೆ ಬಂದವು. ಇಡೀ ಜಗತ್ತು ಒಂದೇ ದಿನ ಮಷೀನ್ ಬದಲಿಸಬೇಕಾಗಲಿಲ್ಲ.

ನೆಟ್‌ವರ್ಕಿಂಗ್ ಕಲಿಯೋರೇ, ಇಲ್ಲಿ ಗಮನ ಕೊಡಿ. ಎಫ್‌ಆರ್‌ಆರ್ ಸಾಫ್ಟ್‌ವೇರ್‌ನಲ್ಲಿ 'ಡೋಂಟ್-ಕೆಪಬಿಲಿಟಿ-ನೆಗೋಷಿಯೇಟ್' ಹಾಕಿದರೆ ನಿಮ್ಮ ರೂಟರ್ ಪಟ್ಟಿ ಕಳಿಸೋದೇ ಇಲ್ಲ. ಅದು ತೀರಾ ಹಳೇ ಪಿಯರ್‌ಗೆ ಮಾತ್ರ. 'ಸ್ಟ್ರಿಕ್ಟ್-ಕೆಪಬಿಲಿಟಿ-ಮ್ಯಾಚ್' ಹಾಕಿದರೆ ಎರಡೂ ಕಡೆಯ ಪಟ್ಟಿ ಹೊಂದದಿದ್ದಾಗ ಸಂಪರ್ಕವೇ ನಿಲ್ಲೋದಿಲ್ಲ. 1995ರ ಮುನಿಸು ವಾಪಸ್! ಇನ್ನೊಂದು: ಐಪಿವಿ6 ಅನ್ನು ಒಂದೇ ಕಡೆ ಹೇಳಿದ್ದರೆ ಸೆಷನ್ 'ಎಸ್ಟಾಬ್ಲಿಷ್ಡ್' ಅಂತಲೇ ತೋರಿಸಬಹುದು, ಐಪಿವಿ6 ದಾರಿ ಮಾತ್ರ ಒಂದೂ ಬರೋದಿಲ್ಲ. ಅದಕ್ಕೇ 'ಶೋ ಬಿಜಿಪಿ ನೈಬರ್ಸ್' ಕೊಟ್ಟು 'ಅಡ್ವರ್ಟೈಸ್ಡ್ ಅಂಡ್ ರಿಸೀವ್ಡ್' ಅಂತ ಇದೆಯಾ ನೋಡಿ. ನಾವು ಹೇಳಿದ್ದೂ ಇರಬೇಕು, ಅವರು ಹೇಳಿದ್ದೂ ಬಂದಿರಬೇಕು.