ಗುಮ್ಮಟದಾಚೆಯ ಗೋರಿಗಳು

ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳನ್ನು ಓದುವುದರಲ್ಲಿ ಕನ್ನಡ ನಾಡಿಗೆ ಒಳ್ಳೆಯ ಪಳಗಿಕೆಯಿದೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಶಾಸನಗಳು ತಾಲ್ಲೂಕುವಾರು ಅಚ್ಚಾದವು. ಎಷ್ಟೋ ವೀರಗಲ್ಲುಗಳ ಬರಹ ಹಾಗೆ ಉಳಿಯಿತು. 1982ರಲ್ಲಿ ಷ. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಇಂಗ್ಲಿಷ್ ಸಂಪುಟ, ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಓದನ್ನು ಶಿಸ್ತಾಗಿ ಬೆಳೆಸಿದವು. ಆದರೆ ಅದೇ ಊರುಗಳ ಖಬರಸ್ತಾನಗಳಲ್ಲಿರುವ ಗೋರಿಕಲ್ಲುಗಳು ಬಹುಮಟ್ಟಿಗೆ ಆ ಶಿಸ್ತಿನ ಹೊರಗೇ ಉಳಿದವು. ವೀರಗಲ್ಲಿಗೆ ಸಂದ ಗಮನ ಗೋರಿಕಲ್ಲಿಗೂ ಸಲ್ಲಬೇಕು ಎಂಬುದು ನನ್ನ ವಾದ.

ಹೀಗಾಗಲು ಕಾರಣ, ಮುಸ್ಲಿಂ ಸಮಾಧಿಗಳ ಅಧ್ಯಯನ ಬೆಳೆದ ದಾರಿಯಲ್ಲೇ ಇದೆ. ಅದು ಮೊದಲು ಹಿಡಿದದ್ದು ಅಕ್ಷರವನ್ನು ಮತ್ತು ಗುಮ್ಮಟವನ್ನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆರಂಭವಾದ ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ, ಸ್ವಾತಂತ್ರ್ಯಾನಂತರ ಜೆಡ್.ಎ. ದೇಸಾಯಿಯವರಂಥ ವಿದ್ವಾಂಸರು ಮುನ್ನಡೆಸಿದ ಅರಬಿ-ಪಾರಸಿ ಶಾಸನಗಳ ಪ್ರಕಟಣೆಗಳು ಬರಹವಿದ್ದ ಕಲ್ಲನ್ನೇ ಅರಸಿದವು. ಹೆನ್ರಿ ಕಸಿನ್ಸ್ 1916ರಲ್ಲಿ ಬಿಜಾಪುರದ ಕಟ್ಟಡಗಳ ಬಗ್ಗೆ, ಯಜ್ದಾನಿ 1947ರಲ್ಲಿ ಬೀದರಿನ ಬಗ್ಗೆ ಬರೆದರು. ಮೈಸೂರು ಸೀಮೆಗೆ ಬಂದರೆ ಶಿರಾದ ಮಲ್ಲಿಕ್ ರೆಹಾನನ ಗೋರಿ, ಕೋಲಾರದ ಮಖಬರಾ, ಶ್ರೀರಂಗಪಟ್ಟಣದ ಗುಂಬಜ್ ಎಂದು ಪಟ್ಟಿ ಬೇಗ ಮುಗಿಯುತ್ತದೆ. ಈ ವಿದ್ವತ್ತಿನ ಬೆಲೆ ದೊಡ್ಡದು. ಆದರೆ ಅಕ್ಷರವನ್ನಷ್ಟೇ ನಂಬಿದರೆ ಸಾಲದು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ತೀರಿಕೊಂಡ ಹೈದರ್ ಅಲಿಯನ್ನು ಮೊದಲು ಕೋಲಾರದಲ್ಲಿ ಮಣ್ಣು ಮಾಡಿ, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಗುಂಬಜ್‌ನ ಪಾರಸಿ ಶಾಸನ ‘ಹೈದರ್ ಅಲಿ ಖಾನ್ ಬಹಾದ್ದೂರ್’ ಎಂಬ ಹೆಸರಿನ ಅಕ್ಷರಗಳಲ್ಲೇ ಕಾಲವನ್ನು ಅಡಗಿಸಿದೆ. ಆ ಅಕ್ಷರಗಳ ಸಂಖ್ಯಾಬೆಲೆಗಳನ್ನು ಕೂಡಿಸಿದರೆ ಹಿಜರಿ 1195. ಆ ವರ್ಷ 1781ರ ಡಿಸೆಂಬರಿಗೇ ಮುಗಿದಿತ್ತು. ಹೆಸರಿಗೆ ಒಪ್ಪಿಸಲು ಕವಿ ವರ್ಷವನ್ನು ಸಡಿಲಿಸಿದನೆಂದೇ ತೋರುತ್ತದೆ. ಕಲ್ಲಿನ ಮಾತನ್ನೂ ಬೇರೆ ಆಧಾರಗಳ ಜೊತೆ ತೂಗಿ ನೋಡಬೇಕೆಂಬುದಕ್ಕೆ ಇದೊಂದು ನಿದರ್ಶನ.

ಮುಂದಿನ ತಿರುವು ಕಟ್ಟಡದಿಂದ ಜನರ ಕಡೆಗೆ. ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಸಾಮಾಜಿಕ ಪಾತ್ರವನ್ನು ಬಿಡಿಸಿಟ್ಟರು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ದರ್ಗಾ, ಉರುಸುಗಳನ್ನು ಕನ್ನಡ ಬದುಕಿನ ಒಳಗಿನಿಂದಲೇ ನೋಡಿತು. ಆದರೂ ಕೇಂದ್ರದಲ್ಲಿದ್ದವರು ಸಂತರೇ. ಮೊದಲು ಹೇಳಿದ ಊರುಗಳನ್ನೇ ನೋಡಿ: ದೊಡ್ಡಬಳ್ಳಾಪುರ ಬಿಜಾಪುರದ ಕೈಗೆ, ಬಳಿಕ ಮೊಗಲರ ಶಿರಾ ಸುಬೆಗೆ ಸೇರಿತ್ತು. ಅಬ್ಬಾಸ್ ಕುಲಿ ಖಾನ್ ಅಲ್ಲಿನ ಜಹಗೀರುದಾರ. 1749ರ ದೇವನಹಳ್ಳಿ ಮುತ್ತಿಗೆಯಲ್ಲೇ ಹೈದರ್ ಹೆಸರು ಮಾಡಿದ್ದು; ಟಿಪ್ಪು ಹುಟ್ಟಿದ್ದೂ ಅದೇ ಊರಲ್ಲಿ. ಆ ದಂಡುಗಳ ಸಿಪಾಯಿಗಳು, ಅವರ ಹೆಂಡಿರು ಮಕ್ಕಳು, ಪೇಟೆಯ ಕಸುಬುದಾರರು ಚರಿತ್ರೆಯಲ್ಲಿ ಸಂಖ್ಯೆಯಾಗಿಯೂ ಸಿಗುವುದು ಅಪರೂಪ.

ಇಸ್ಲಾಂ ಗೋರಿ ಕಟ್ಟುವುದನ್ನೇ ಮೆಚ್ಚುವುದಿಲ್ಲ, ಮಣ್ಣಿನ ದಿಬ್ಬದಲ್ಲಿ ಪರಂಪರೆ ಏನು ಉಳಿದೀತು ಎಂದು ಕೇಳಬಹುದು. ಸಮಾಧಿಗೆ ಗಾರೆ ಬಳಿಯುವುದನ್ನು ಹದೀಸುಗಳು ತಡೆದಿರುವುದು ನಿಜ. ಆದರೆ ಸರಳತೆಗೂ ಒಂದು ಕ್ರಮವಿದೆ. ನಮಾಜಿನ ದಿಕ್ಕಾದ ಕಿಬ್ಲಾ ನಮಗೆ ಪಶ್ಚಿಮಕ್ಕಿರುವುದರಿಂದ ಗೋರಿ ಉತ್ತರ-ದಕ್ಷಿಣವಾಗಿರುತ್ತದೆ, ಮುಖ ಪಶ್ಚಿಮಕ್ಕೆ. ಹಳೆಯ ಗೋರಿಗಳ ಮೇಲೆ ಗಂಡಸಿಗೆ ಲೇಖನಿಪೆಟ್ಟಿಗೆಯಂಥ ದಿಂಡು, ಹೆಂಗಸಿಗೆ ಬರೆಯುವ ಹಲಗೆಯಂಥ ಚಪ್ಪಟೆ ಗುರುತು ಮಾಡುವ ರೂಢಿಯೂ ಇತ್ತು. ಒಂದಕ್ಷರವಿಲ್ಲದ ಕಲ್ಲೂ ಹೀಗೆ ಮಾತಾಡುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಖಬರಸ್ತಾನ ಇಂದಿಗೂ ಬಳಕೆಯಲ್ಲಿರುವ ಜಾಗ, ಸ್ಮಾರಕವೆಂದು ಬೇಲಿ ಹಾಕಿದರೆ ಇಂದಿನ ಸತ್ತವರಿಗೆ ನೆಲವೆಲ್ಲಿ? ಒಪ್ಪತಕ್ಕ ಮಾತು. ನಾನು ಕೇಳುತ್ತಿರುವುದು ಬೇಲಿಯನ್ನಲ್ಲ, ದಾಖಲೆಯನ್ನು. ಮಿಥಿಕ್ ಸೊಸೈಟಿ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಆ ವಿಧಾನ ಗೋರಿಕಲ್ಲಿಗೂ ಒಗ್ಗುತ್ತದೆ, ಕಲ್ಲನ್ನು ಕದಲಿಸಬೇಕಿಲ್ಲ.

ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಜಮಾತಿನ ಹಿರಿಯರಲ್ಲಿ, ಕಾಲೇಜುಗಳ ಇತಿಹಾಸ ಅಧ್ಯಾಪಕರಲ್ಲಿ ಒಂದು ವಿನಂತಿ: ಮುಂದಿನ ಸಲ ಹಳೆಯ ಗೋರಿಗಳಿಗೆ ಸುಣ್ಣ ಬಳಿಯುವ ಮುನ್ನ ಒಂದೊಂದರ ಅಳತೆ ತೆಗೆದು, ಫೋಟೊ ಹಿಡಿದು, ಜಾಗದ ನಕ್ಷೆಯಲ್ಲಿ ಗುರುತು ಹಾಕಿಡಿ.